ಮಳೆಯನ್ನೇ ಒರೆಸಿ ಕಳಿಸಿದರು: ತಂಡದ ಹಳೆ ಟೇಪುಗಳನ್ನು ಡಿಜಿಟೈಸ್ ಮಾಡಿಸಿದ ಕತೆ

ನಮ್ಮ ನಾಟಕ ತಂಡದ ಹಳೆ ಟೇಪುಗಳನ್ನು ಒಂದು ಡಿಜಿಟೈಸಿಂಗ್ ಸೇವೆಗೆ ಕೊಟ್ಟು ಮಾಡಿಸಿಕೊಂಡೆವು. ಒಟ್ಟು 143. ಅದರಲ್ಲಿ ವಿಎಚ್‌ಎಸ್ ಅನ್ನುವ ಹಳೆ ವಿಡಿಯೋ ಕ್ಯಾಸೆಟ್ 61, ಮಿನಿ ಡಿವಿ ಅನ್ನುವ ಸಣ್ಣ ಕ್ಯಾಮೆರಾ ಟೇಪು 48, ಉಳಿದ 34 ಆಡಿಯೋ ಕ್ಯಾಸೆಟ್. ಕೊಟ್ಟಾಗಿನಿಂದ ಕೊನೆಯ ಫೈಲು ಕೈಗೆ ಬರುವವರೆಗೆ ಐದು ತಿಂಗಳು ಹಿಡಿಯಿತು. ಅವರ ಹೆಸರು ಹೇಳುವುದಿಲ್ಲ. ಬಯ್ಯಬೇಕಾದದ್ದು ಇದೆ, ಹೊಗಳಬೇಕಾದದ್ದೂ ಇದೆ. ನೀವು ಯಾರ ಹತ್ತಿರ ಕೊಟ್ಟರೂ ಮೊದಲೇ ಕೇಳಿಕೊಳ್ಳಬೇಕಾದ ವಿಷಯಗಳು ಇವು ಅಂತ ಬರೆಯುತ್ತಿದ್ದೇನೆ.

ನಾನು ಹತ್ತೊಂಬತ್ತು ವರ್ಷ ಸ್ಟೇಜ್ ಮ್ಯಾನೇಜರ್ ಆಗಿದ್ದವಳು. ಮಂಡಿನೋವು ಶುರುವಾದ ಮೇಲೆ ರಂಗದ ಪಕ್ಕದ ವಿಂಗ್ ಬಿಟ್ಟು ಆಫೀಸಿನಲ್ಲಿ ಕೂತೆ. ಕೂತ ಜಾಗದ ಹಿಂದೆಯೇ ಆ ಬೀರು ಇತ್ತು. ಯಾವ ತಂಡದಲ್ಲಿ ನೋಡಿದರೂ ಇಂಥ ಒಂದು ಬೀರು ಇದ್ದೇ ಇರುತ್ತದೆ. ಕರಪತ್ರ, ಫೋಟೋ, ಯಾರದೋ ಒಪ್ಪಂದ ಪತ್ರ, ಯಾವುದೋ ಕಿರೀಟದ ಅರ್ಧ ತುಂಡು, ಅದರ ಕೆಳಗೆ ಟೇಪು. ‘ದಾಖಲೆ’ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಒಳಗಿದ್ದದ್ದು ರಾಶಿ.

ಟೇಪಿನ ವಿಷಯದಲ್ಲಿ ಇನ್ನು ಕಾಯುವ ಹಾಗಿರಲಿಲ್ಲ. ಟೇಪು ಚೆನ್ನಾಗಿದ್ದರೂ ಹಾಕಿ ನೋಡೋಕೆ ಮೆಷಿನ್ ಬೇಕಲ್ಲ? ವಿಎಚ್‌ಎಸ್ ಓಡಿಸುವ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್. ಅವರೂ 2016ರಲ್ಲಿ ನಿಲ್ಲಿಸಿಬಿಟ್ಟರು. ಮ್ಯಾಗ್ನೆಟಿಕ್ ಟೇಪುಗಳನ್ನು ಬೇಗ ಡಿಜಿಟಲ್ ಮಾಡಿಕೊಳ್ಳಿ, ಓದುವ ಯಂತ್ರಗಳೇ ಇಲ್ಲವಾಗುತ್ತಿವೆ ಅಂತ ಯುನೆಸ್ಕೋ ಮತ್ತು ಧ್ವನಿ, ದೃಶ್ಯ ದಾಖಲೆ ಸಂಗ್ರಹಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಸೇರಿ ಎಚ್ಚರಿಸಿ ವರ್ಷಗಳೇ ಆದವು. ಈಗ ಇರುವುದೆಲ್ಲ ರಿಪೇರಿ ಮಾಡಿಕೊಂಡು ಓಡಿಸುವ ಹಳೆ ಡೆಕ್‌ಗಳು. ಆ ಡೆಕ್‌ಗಳೂ ನನ್ನ ಮಂಡಿಯ ಹಾಗೆಯೇ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಆ ಹುಡುಗರಿಗೆ ಟೇಪು ಮುಟ್ಟೋದು ಗೊತ್ತು. ಒಂದು ವಿಎಚ್‌ಎಸ್‌ನ ಕಿಟಕಿಯಲ್ಲಿ ಬಿಳಿ ಪುಡಿ ಇತ್ತು. ನಾನು ಧೂಳು ಅಂದುಕೊಂಡಿದ್ದೆ. ಅವರು ಡೆಕ್‌ಗೆ ಹಾಕುವ ಮೊದಲೇ ಫೋನ್ ಮಾಡಿ, ‘ಮೇಡಂ, ಇದು ಬೂಷ್ಟು. ಹಾಗೇ ಓಡಿಸಿದರೆ ಡೆಕ್‌ಗೂ ಹತ್ತುತ್ತದೆ, ಆಮೇಲೆ ಹಾಕುವ ಟೇಪುಗಳಿಗೂ ಹತ್ತುತ್ತದೆ’ ಅಂದರು. ಅದನ್ನು ಬೇರೆ ಕವರಿನಲ್ಲಿಟ್ಟು, ಪೂರ್ತಿ ಒಣಗಿಸಿ, ಬಿಚ್ಚಿ ಒರೆಸಿ, ಎಲ್ಲದಕ್ಕಿಂತ ಕೊನೆಯಲ್ಲಿ ಓಡಿಸಿದರು. ಇನ್ನೊಂದು ಆಡಿಯೋ ಕ್ಯಾಸೆಟ್ಟಿನಲ್ಲಿ ಟೇಪನ್ನು ಹೆಡ್‌ಗೆ ಒತ್ತುವ ಪುಟ್ಟ ಮೆತ್ತೆ ಉದುರಿಹೋಗಿತ್ತು. ಟೇಪನ್ನೇ ಎತ್ತಿ ಬೇರೆ ಚಿಪ್ಪಿಗೆ ಹಾಕಿದರು. ಹಳೆ ಚಿಪ್ಪನ್ನು ಬಿಸಾಡಲಿಲ್ಲ. ಅದರ ಮೇಲೆ ನಮ್ಮ ಸಂಗೀತ ನಿರ್ದೇಶಕರ ಕೈಬರಹ ಇತ್ತು. ಕವರಿಗೆ ಹಾಕಿ ವಾಪಸ್ ಕಳಿಸಿದರು. ಇಂಥದ್ದನ್ನು ಮರೆಯೋಕಾಗಲ್ಲ.

ಮಿನಿ ಡಿವಿಯಲ್ಲಿ ಎರಡು ಟೇಪು ಬಹಳ ಕಾಡಿದವು. ಸಾಮಾನ್ಯವಾಗಿ ಒಂದು ಟೇಪಿಗೆ 60 ನಿಮಿಷ. ನಾಟಕ ಒಂದು ಗಂಟೆ ದಾಟಿದರೆ ಮಧ್ಯೆ ಟೇಪು ಬದಲಾಯಿಸಬೇಕು. ಆ ತಾಪತ್ರಯ ಬೇಡ ಅಂತ ಯಾರೋ ಟೇಪನ್ನು ನಿಧಾನಕ್ಕೆ ಓಡಿಸುವ ಎಲ್‌ಪಿ ಮೋಡ್‌ಗೆ ಹಾಕಿ 90 ನಿಮಿಷ ತುಂಬಿಸಿದ್ದರು. ಹಾಗೆ ಮಾಡಿದರೆ ಟೇಪಿನ ಮೇಲಿನ ಗೆರೆಗಳು ಸಣ್ಣದಾಗುತ್ತವೆ. ತೆಗೆದ ಕ್ಯಾಮೆರಾ ಬಿಟ್ಟು ಬೇರೆ ಮೆಷಿನ್ನಿನಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅವರು ಮೂರು ಡೆಕ್ ಬದಲಾಯಿಸಿ ನೋಡಿದರು. ಆಮೇಲೆ ಕೇಳಿದರು: ‘ಯಾವ ಕ್ಯಾಮೆರಾದಲ್ಲಿ ತೆಗೆದದ್ದು? ಅದು ಇನ್ನೂ ಇದೆಯಾ?’ ಇತ್ತು. ಬೀರುವಿನ ಕೆಳಗಿನ ಖಾನೆಯಲ್ಲಿ, ಗೆಜ್ಜೆಗಳ ಜೊತೆ. ಚಾರ್ಜರ್ ಹುಡುಕೋಕೆ ಎರಡು ದಿನ ಹೋಯಿತು. ಕಳಿಸಿಕೊಟ್ಟೆವು, ಎರಡೂ ಟೇಪು ಓಡಿದವು. ಹಳೆ ಕ್ಯಾಮೆರಾ ಗುಜರಿಗೆ ಹಾಕೋಣ ಅಂತ ಹೋದ ವರ್ಷ ಮೀಟಿಂಗಿನಲ್ಲಿ ಹೇಳಿದವಳು ನಾನೇ.

ಈಗ ಸಿಟ್ಟಿನ ಭಾಗ.

ಮೊದಲ ಕಂತಿನ ಫೈಲುಗಳು ಬಂದಾಗ ನಿರ್ದೇಶಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದನ್ನು ತೆರೆದೆ. ನಮ್ಮ ತಂಡದ ಹಳೆ ನಾಟಕ. ಅದು ಶುರುವಾಗುವುದೇ ಕತ್ತಲೆಯಲ್ಲಿ. ಮೂರು ನಿಮಿಷ ನಲವತ್ತು ಸೆಕೆಂಡು ರಂಗದ ಮೇಲೆ ಏನೂ ಕಾಣುವುದಿಲ್ಲ. ಹೆಜ್ಜೆ ಸಪ್ಪಳ, ಬಾಗಿಲ ಚಿಲಕ, ಒಬ್ಬ ಹೆಂಗಸಿನ ಉಸಿರು, ಅಷ್ಟೇ. ಆಮೇಲೆ ಬೆಂಕಿಕಡ್ಡಿ ಗೀರುತ್ತಾಳೆ, ಮುಖ ಕಾಣುತ್ತದೆ. ಆ ಕತ್ತಲೆಗಾಗಿ ಎಷ್ಟು ದಿನ ತಾಲೀಮು ಮಾಡಿದ್ದೆವು! ಅವರು ಕಳಿಸಿದ ಫೈಲು ಬೆಂಕಿಕಡ್ಡಿಯಿಂದಲೇ ಶುರುವಾಯಿತು. ನಿರ್ದೇಶಕರು ನನ್ನ ಮುಖ ನೋಡಿದರು. ‘ನಾಟಕ ಎಲ್ಲಿ?’ ಅಂದರು.

ಆಗಿದ್ದಿಷ್ಟು. ಟೇಪಿನ ಶುರುವಿನಲ್ಲಿ, ಕೊನೆಯಲ್ಲಿ ಖಾಲಿ ಭಾಗ ಇದ್ದರೆ ಅವರ ಸಾಫ್ಟ್‌ವೇರ್ ತಾನೇ ಕತ್ತರಿಸುತ್ತದೆ. ಮದುವೆ ವಿಡಿಯೋಗೆ ಅದು ಸರಿ. ನಾಟಕದಲ್ಲಿ ಕತ್ತಲೆ ಅನ್ನೋದು ಖಾಲಿ ಅಲ್ಲ. ಅದನ್ನು ಸಾಫ್ಟ್‌ವೇರ್‌ಗೆ ಯಾರೂ ಹೇಳಿರಲಿಲ್ಲ, ನಾವೂ ಅವರಿಗೆ ಹೇಳಿರಲಿಲ್ಲ.

ಇದಕ್ಕಿಂತ ದೊಡ್ಡದು ಆಡಿಯೋದಲ್ಲಿ ಆಯಿತು. ಒಂದು ಕ್ಯಾಸೆಟ್ ಬಹುತೇಕ ಮೌನವಾಗಿ ಬಂತು. ಜೊತೆಗೆ ‘ಗುಣಮಟ್ಟ ಸುಧಾರಿಸಲಾಗಿದೆ’ ಅಂತ ಷರಾ. ಫೋನ್ ಮಾಡಿದೆ.

‘ಅದರಲ್ಲಿ ಏನೂ ಇರಲಿಲ್ಲ ಮೇಡಂ. ಎರಡೂ ಕಡೆ ಬರೀ ಹಿಸ್, ಟೇಪಿನ ಸುಯ್ ಸದ್ದು. ಆದಷ್ಟು ಕ್ಲೀನ್ ಮಾಡಿದೀವಿ.’

‘ಅದು ಹಿಸ್ ಅಲ್ಲಪ್ಪಾ. ಮಳೆ.’

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಇಬ್ಬರೂ ನಕ್ಕೆವು. ನಮ್ಮ ಧ್ವನಿ ವಿನ್ಯಾಸಕರು ಒಂದು ಮಳೆಗಾಲ ಪೂರ್ತಿ ತಗಡಿನ ಮೇಲೆ, ಎಲೆ ಮೇಲೆ, ಕೊಡೆ ಮೇಲೆ ಬಿದ್ದ ಮಳೆಯನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ತುಂಬಿಸಿದ್ದ ಕ್ಯಾಸೆಟ್ ಅದು. ಶಬ್ದ ಶುದ್ಧಿ ಮಾಡುವ ಫಿಲ್ಟರ್‌ಗೆ ಮಳೆಗೂ ಟೇಪಿನ ಹಿಸ್‌ಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಮೂಲ ಟೇಪು ಹಾಗೇ ಇತ್ತು, ಮತ್ತೆ ಓಡಿಸಿ ಕೊಟ್ಟರು. ಆದರೆ ನಾನು ಕೇಳದೆ ಇದ್ದಿದ್ದರೆ? ಖಾಲಿ ಕ್ಯಾಸೆಟ್ ಅಂತ ನಾಳೆ ಯಾರೋ ಎತ್ತಿ ಬಿಸಾಕುತ್ತಿದ್ದರು.

ಹಾಗಾಗಿ ಟೇಪು ಕೊಡುವ ಮೊದಲೇ ಬರವಣಿಗೆಯಲ್ಲಿ ಹೇಳಿ: ಏನನ್ನೂ ಕತ್ತರಿಸಬೇಡಿ, ತೊಳೆಯಬೇಡಿ, ಹೊಳಪು ಕೊಡಬೇಡಿ. ಇದ್ದದ್ದು ಇದ್ದ ಹಾಗೆ ಒಂದು ಪ್ರತಿ ಬೇಕು. ಅಂದಚಂದ ಮಾಡುವುದಾದರೆ ಅದರ ನಕಲಿನ ಮೇಲೆ ಮಾಡಲಿ. ‘ಸುಧಾರಣೆ’ ಅನ್ನುವುದನ್ನು ಅವರು ಬೇರೆಯಾಗಿ ದುಡ್ಡಿಗೆ ಮಾರುತ್ತಾರೆ. ನಮಗೆ ಬೇಕಿಲ್ಲ ಅಂದರೆ ಅವರಿಗೆ ಸ್ವಲ್ಪ ಬೇಜಾರಾಗಬಹುದು, ಪರವಾಗಿಲ್ಲ.

ಫೈಲಿನ ಬಗೆ ಬಗ್ಗೆಯೂ ಹಠ ಹಿಡಿಯಬೇಕಾಯಿತು. ಸುಮ್ನೆ ಬಿಟ್ಟರೆ ವಿಡಿಯೋಗೆ ಎಂಪಿ4, ಆಡಿಯೋಗೆ ಎಂಪಿ3 ಕೊಟ್ಟು ಮುಗಿಸುತ್ತಾರೆ. ಮೊಬೈಲಿನಲ್ಲಿ ನೋಡೋಕೆ ಅದು ಸಾಕು. ಇಟ್ಟುಕೊಳ್ಳೋಕೆ ಸಾಲದು, ಏಕೆಂದರೆ ಜಾಗ ಉಳಿಸೋಕೆ ಅವು ವಿವರವನ್ನು ಬಿಟ್ಟುಬಿಡುತ್ತವೆ. ಆಡಿಯೋಗೆ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲು ಕೇಳಿದೆ. ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. ವಿಎಚ್‌ಎಸ್‌ಗೆ ಎಫ್‌ಎಫ್‌ವಿ1 ಅನ್ನುವ ನಷ್ಟವಿಲ್ಲದ ಬಗೆ. ಅದು ಅವರಿಗೆ ಗೊತ್ತಿತ್ತು. ಆದರೆ ಕೇಳುವವರು ಅಪರೂಪವಂತೆ, ಫೋನಿನಲ್ಲೇ ಖುಷಿಪಟ್ಟರು.

ಮಿನಿ ಡಿವಿ ಬೇರೆಯೇ ಜಾತಿ. ಅದರೊಳಗೆ ಇರುವುದೇ ಡಿಜಿಟಲ್. ಹಳೆ ಫೈರ್‌ವೈರ್ ಕೇಬಲ್ಲಿನಲ್ಲಿ ಎಳೆದರೆ ಟೇಪಿನಲ್ಲಿದ್ದದ್ದು ಹಾಗೆಯೇ ಇಳಿಯುತ್ತದೆ, ಗಂಟೆಗೆ ಸುಮಾರು 13 ಜಿಬಿ. ಜೊತೆಗೆ ಶೂಟ್ ಮಾಡಿದ ತಾರೀಕು, ಸಮಯವೂ ಬರುತ್ತದೆ. ಅವರು ಮೊದಲ ಸಲ ನೇರ ಎಂಪಿ4 ಮಾಡಿಬಿಟ್ಟಿದ್ದರು. ತಾರೀಕು ಎಲ್ಲ ಹೋಗಿತ್ತು. ಎರಡನೇ ಸಲ ಸರಿಯಾಗಿ ಇಳಿಸಿದರು. ಆಗ 48ರಲ್ಲಿ 29 ಟೇಪುಗಳ ತಾರೀಕು ಸುಲಭಕ್ಕೆ ಸಿಕ್ಕಿತು. ಉಳಿದವುಗಳಲ್ಲಿ ಎಲ್ಲ ಜನವರಿ 1 ಅಂತ ಇತ್ತು. ಕ್ಯಾಮೆರಾದ ಗಡಿಯಾರಕ್ಕೆ ಯಾರೂ ಟೈಮ್ ಇಟ್ಟೇ ಇರಲಿಲ್ಲ.

ಇಲ್ಲಿಂದ ಮುಂದೆ ಹೇಳುವುದರಲ್ಲಿ ಅರ್ಧ ತಪ್ಪು ನನ್ನದೇ. ಟೇಪುಗಳಿಗೆ ನಂಬರ್ ಚೀಟಿ ಅಂಟಿಸಿದ್ದೆ. ಆದರೆ ಪೆಟ್ಟಿಗೆಗೆ ಅಂಟಿಸಿದ್ದೆ, ಒಳಗಿನ ಟೇಪಿಗಲ್ಲ. ಅವರು ಕೆಲಸಕ್ಕೆ ಅನುಕೂಲ ಅಂತ ಟೇಪುಗಳನ್ನೆಲ್ಲ ಹೊರತೆಗೆದು ಒಂದು ಕಡೆ, ಪೆಟ್ಟಿಗೆಗಳನ್ನು ಇನ್ನೊಂದು ಕಡೆ ಇಟ್ಟರು. ವಾಪಸ್ ಬಂದಾಗಲೂ ಹಾಗೆಯೇ ಬಂದವು. ಫೈಲುಗಳಿಗೆ ಅವರು ಓಡಿಸಿದ ಸಾಲಿನಲ್ಲೇ 1, 2, 3 ಅಂತ ಹೆಸರು. ಯಾವ ಟೇಪು ಯಾವ ಪೆಟ್ಟಿಗೆಯದು? ಪೆಟ್ಟಿಗೆಯ ಒಳಚೀಟಿಯಲ್ಲಿ ಪಾತ್ರಧಾರಿಗಳ ಹೆಸರು ಇತ್ತು, ಯಾವ ಶೋ ಅಂತ ಇತ್ತು. ಟೇಪಿನ ಮೇಲೆ ‘ನಾಟಕ, ಉಳಿಸಿ’ ಅಂತ ಮಾತ್ರ.

ಹೊಂದಿಸೋಕೆ ಹನ್ನೊಂದು ಸಂಜೆ ಬೇಕಾಯಿತು. ಇಬ್ಬರು ಹಿರಿಯ ನಟರು ಬಂದು ಕೂತರು. ಅವರಿಗೆ ಮುಖಕ್ಕಿಂತ ಬೇಗ ಧ್ವನಿ ಗುರುತು ಸಿಗುತ್ತಿತ್ತು. ‘ಇದು ನಾನಲ್ಲ, ನನ್ನ ಬದಲಿಗೆ ಮಾಡಿದವನು. ಹಾಗಾದರೆ ಎರಡನೇ ಪ್ರಯೋಗ’ ಅನ್ನುತ್ತಿದ್ದರು. ಒಂದು ಟೇಪು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಒಂದೇ ನಾಟಕ, ಒಂದೇ ತಂಡ, ಒಂದೇ ವಾರದಲ್ಲಿ ಮೂರು ಶೋ. ಇದು ಯಾವುದು? ನೋಡ್ತಾ ನೋಡ್ತಾ ಎರಡನೇ ಅಂಕದಲ್ಲಿ ಕಂಡಿತು, ಜಮೀನುದಾರನ ಪಾತ್ರದವರು ಎಡಗೈ ಎತ್ತುತ್ತಲೇ ಇಲ್ಲ. ಕೋಟಿನ ತೋಳು ದಪ್ಪಗೆ ಉಬ್ಬಿದೆ. ಊರುಗೋಲು ಯಾವಾಗಲೂ ಎಡಗೈಯಲ್ಲಿರಬೇಕು, ಇಲ್ಲಿ ಬಲಗೈಯಲ್ಲಿದೆ.

ನನ್ನ ಹಳೆ ಶೋ ರಿಪೋರ್ಟ್ ಪುಸ್ತಕ ತೆಗೆದೆ. ಪ್ರತಿ ಶೋ ಮುಗಿದ ರಾತ್ರಿ ಬರೆಯುತ್ತಿದ್ದೆ, ನಿದ್ದೆಗಣ್ಣಿನಲ್ಲಿ, ಸೊಟ್ಟ ಅಕ್ಷರದಲ್ಲಿ. ಎರಡನೇ ಶೋ ಪುಟದಲ್ಲಿ ಹೀಗಿತ್ತು: ‘ಪರದೆ 7 ನಿಮಿಷ ತಡ. ಜಮೀನುದಾರ ಎಡಗೈ ಪಟ್ಟಿ, ಬೆಳಿಗ್ಗೆ ಮೆಟ್ಟಿಲಲ್ಲಿ ಬಿದ್ದದ್ದು. ಕೋಟಿನ ತೋಳು ಹೊಲಿಗೆ ಬಿಚ್ಚಿದ್ದೇವೆ. ಊರುಗೋಲು ಬಲಕ್ಕೆ. ಮೊದಲ ಭಾಗ 58 ನಿಮಿಷ.’ ಟೇಪಿನಲ್ಲಿ ಮೊದಲ ಭಾಗ ಅಳೆದು ನೋಡಿದೆ. 58 ನಿಮಿಷ!

ಅವತ್ತಿನಿಂದ ಆ ಪುಸ್ತಕಗಳನ್ನು ಟೇಪಿನಷ್ಟೇ ಜೋಪಾನ ಮಾಡುತ್ತಿದ್ದೇನೆ. ಯಾವ ಡಿಜಿಟೈಸಿಂಗ್ ಸೇವೆಯೂ ನಿಮಗೆ ಈ ಭಾಗ ಮಾಡಿಕೊಡೋಕೆ ಆಗಲ್ಲ. ಅವರಿಗೆ ಅದು ಒಂದು ವಿಡಿಯೋ. ಅವರು ಕೊಟ್ಟ ಎಕ್ಸೆಲ್ ಪಟ್ಟಿಯಲ್ಲಿ ಎರಡೇ ಕಾಲಂ ಇತ್ತು, ಶೀರ್ಷಿಕೆ ಮತ್ತು ದಿನಾಂಕ. ನಾಟಕ ತಂಡಕ್ಕೆ ಅದು ಸಾಲುವುದೇ ಇಲ್ಲ. ನಾಟಕ ಒಂದೇ ಇರಬಹುದು. ಅದನ್ನು ನಾವು 1996ರಲ್ಲಿ ಒಮ್ಮೆ, 2009ರಲ್ಲಿ ಬೇರೆ ನಿರ್ದೇಶಕರ ಜೊತೆ ಇನ್ನೊಮ್ಮೆ ಮಾಡಿದ್ದೇವೆ. ಒಂದೊಂದು ಪ್ರಯೋಗಕ್ಕೂ ಹತ್ತಾರು ಶೋ. ಕೃತಿ, ಪ್ರಯೋಗ, ಪ್ರದರ್ಶನ ಅಂತ ಮೂರು ಮೆಟ್ಟಿಲು ಮಾಡಿಕೊಂಡು ಪ್ರತಿ ಟೇಪು, ಪ್ರತಿ ಕಾಗದ ಯಾವ ಮೆಟ್ಟಿಲಿಗೆ ಸೇರುತ್ತದೆ ಅಂತ ಬರೆದೆ. ಪ್ರಾಂಪ್ಟ್ ಸ್ಕ್ರಿಪ್ಟ್, ಅಂದರೆ ಬೆಳಕು, ಧ್ವನಿ ಯಾವಾಗ ಅಂತ ಸ್ಟೇಜ್ ಮ್ಯಾನೇಜರ್ ಗುರುತು ಹಾಕಿಕೊಂಡ ನಾಟಕದ ಪ್ರತಿ, ಪ್ರಯೋಗಕ್ಕೆ ಸೇರುತ್ತದೆ. ಶೋ ರಿಪೋರ್ಟ್ ಪ್ರದರ್ಶನಕ್ಕೆ. ನಾಟಕಕಾರರ ಅನುಮತಿ ಪತ್ರ ಎಲ್ಲಿಗೆ ಅಂತ ನೋಡಿದರೆ, ಒಂದು ಪ್ರಯೋಗಕ್ಕೆ ಮಾತ್ರ ಕೊಟ್ಟದ್ದು. 2009ಕ್ಕೆ ಬೇರೆ ಪತ್ರ ಇರಬೇಕು. ಹುಡುಕುತ್ತಿದ್ದೇವೆ.

ನೃತ್ಯದವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ ಅನ್ನಿಸುತ್ತದೆ. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ಅವರ ನೃತ್ಯ ಕಂಪನಿ 2011ರ ಕೊನೆಯ ದಿನ ಕಡೆಯ ಪ್ರದರ್ಶನ ಕೊಟ್ಟು ಮುಚ್ಚಿತು. ಆದರೆ ಒಂದೊಂದು ನೃತ್ಯಕ್ಕೂ ವಿಡಿಯೋ, ಅವರ ಟಿಪ್ಪಣಿ, ಬೆಳಕಿನ ನಕ್ಷೆ, ವೇಷಭೂಷಣದ ವಿವರ ಎಲ್ಲ ಸೇರಿಸಿ ಒಂದೊಂದು ಡಿಜಿಟಲ್ ಕಟ್ಟು ಮಾಡಿಟ್ಟರು. ಡಾನ್ಸ್ ಕ್ಯಾಪ್ಸೂಲ್ ಅಂತ ಅದಕ್ಕೆ ಹೆಸರು. ಬೇರೆಯವರು ಆ ನೃತ್ಯವನ್ನು ಮತ್ತೆ ಕಟ್ಟಬೇಕಾದರೆ ಬೇಕಾದದ್ದೆಲ್ಲ ಒಂದೇ ಕಡೆ. ನಮ್ಮದು ಅಷ್ಟು ದೊಡ್ಡ ತಂಡ ಅಲ್ಲ, ಸರಿ. ಆದರೂ ಟೇಪು ಒಂದು ಬೀರುವಿನಲ್ಲಿ, ಯಾವ ಲೈಟು ಯಾವಾಗ ಅಂತ ಬರೆದ ಕ್ಯೂ ಶೀಟು ಇನ್ಯಾರದೋ ಮನೆಯಲ್ಲಿ ಇರಬಾರದು ಅಲ್ವಾ?

ಲೈಟಿನದ್ದು ಇನ್ನೊಂದು ಗೋಳು. ಈಗಿನ ಶೋಗಳ ಕ್ಯೂ ಎಲ್ಲ ಲೈಟಿಂಗ್ ಬೋರ್ಡಿನ ಫೈಲಿನಲ್ಲಿ ಇರುತ್ತದೆ. ಆ ಬೋರ್ಡ್ ಬದಲಾದರೆ ಫೈಲು ತೆರೆಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಕೊನೆಯ ಶೋ ಆದ ದಿನವೇ ಕ್ಯೂ ಪಟ್ಟಿಯನ್ನು ಪಿಡಿಎಫ್ ಮಾಡಿ ಕೊಡಿ ಅಂತ ನಮ್ಮ ಲೈಟಿನ ಹುಡುಗನ ಬೆನ್ನು ಹತ್ತಿದ್ದೇನೆ. ಇದು ಈ ಸೇವೆಯ ಕೆಲಸ ಅಲ್ಲ, ಬಿಡಿ.

ಅವರು ಕಾಗದವನ್ನೂ ಸ್ಕ್ಯಾನ್ ಮಾಡುತ್ತಾರೆ. ಪ್ರಾಂಪ್ಟ್ ಸ್ಕ್ರಿಪ್ಟಿನ ಹತ್ತು ಪುಟ ಪರೀಕ್ಷೆಗೆ ಕೊಟ್ಟೆ. ಕಪ್ಪು ಬಿಳುಪಿನಲ್ಲಿ, ಅಕ್ಷರ ಎದ್ದು ಕಾಣಲಿ ಅಂತ ಕಾಂಟ್ರಾಸ್ಟ್ ಏರಿಸಿ ಸ್ಕ್ಯಾನ್ ಮಾಡಿದ್ದರು. ಟೈಪ್ ಮಾಡಿದ ಸಂಭಾಷಣೆ ಲಕಲಕ ಅನ್ನುತ್ತಿತ್ತು. ಪಕ್ಕದಲ್ಲಿ ನಾನು ಪೆನ್ಸಿಲ್ಲಿನಲ್ಲಿ ಬರೆದ ಕ್ಯೂಗಳು ಮಾಯ. ಪ್ರಾಂಪ್ಟ್ ಸ್ಕ್ರಿಪ್ಟ್ ಇರುವುದೇ ಆ ಪೆನ್ಸಿಲ್ ಗುರುತಿಗಾಗಿ. ಸಂಭಾಷಣೆ ಅಚ್ಚಾದ ಪುಸ್ತಕದಲ್ಲಿ ಸಿಗುತ್ತದೆ. ಮಿಕ್ಕ ಪುಟಗಳನ್ನು ವೇಗವಾಗಿ ಮಾಡೋಕೆ ಬೈಂಡಿಂಗ್ ಕತ್ತರಿಸಬೇಕು ಅಂತಲೂ ಹೇಳಿದರು. ಬೇಡ ಅಂದೆ. ಲ್ಯಾಮಿನೇಷನ್ ಮಾಡಿಕೊಡ್ತೀವಿ ಅಂದರು, ಅದಂತೂ ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸೋಕೆ ಬರಲ್ಲ. ಕಾಗದದ ಕೆಲಸ ನಾವೇ ಮಾಡುತ್ತಿದ್ದೇವೆ, ಬಣ್ಣದಲ್ಲಿ, ಒಂದೊಂದೇ ಪುಟ. ಸ್ಟೇಪ್ಲರ್ ಪಿನ್ನು ಕೀಳೋದರಲ್ಲೇ ಅರ್ಧ ದಿನ ಹೋಗುತ್ತದೆ. ತುಕ್ಕು ಹಿಡಿದ ಪಿನ್ನು ಕಾಗದವನ್ನು ತಿಂದುಬಿಟ್ಟಿರುತ್ತದೆ. ರಬ್ಬರ್ ಬ್ಯಾಂಡಿನ ಕತೆ ಹೇಳುವುದೇ ಬೇಡ.

ಸಹಿ ಹಾಕುವ ಮೊದಲು ಅವರ ಫಾರಂ ಪೂರ್ತಿ ಓದಿ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ತುಣುಕುಗಳನ್ನು ಮಾದರಿಯಾಗಿ ತೋರಿಸಲು ಒಪ್ಪಿಗೆ ಇದೆ ಅನ್ನುವ ಸಾಲಿಗೆ ಮೊದಲೇ ಟಿಕ್ ಇತ್ತು. ತೆಗೆಸಿದೆ. ನಮ್ಮ ಹತ್ತಿರ ಇರುವ ರೆಕಾರ್ಡಿಂಗ್‌ಗಳಲ್ಲಿ ಎಷ್ಟೋ ‘ತಂಡದ ಉಪಯೋಗಕ್ಕೆ ಮಾತ್ರ’ ಅಂತ ನಾಟಕಕಾರರು, ವಾದ್ಯದವರು ಒಪ್ಪಿದ್ದು. ಇಂಥ ಒಪ್ಪಂದವನ್ನು ದೊಡ್ಡವರೂ ಗೌರವಿಸುತ್ತಾರೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯವರು 1970ರಿಂದ ನಾಟಕಗಳನ್ನು ರೆಕಾರ್ಡ್ ಮಾಡಿ ಇಡುತ್ತಿದ್ದಾರೆ. ಆದರೆ ನೋಡಬೇಕಾದರೆ ಅಲ್ಲಿಗೇ ಹೋಗಿ ಕೂತು ನೋಡಬೇಕು. ಕೆಲಸ ಮುಗಿದ ಮೇಲೆ ನಮ್ಮ ಡಿಜಿಟೈಸಿಂಗ್ ಸೇವೆಯವರಿಂದ, ಅವರ ಕಂಪ್ಯೂಟರಿನಲ್ಲಿರುವ ಪ್ರತಿ ಅಳಿಸಿದ್ದೇವೆ ಅಂತ ಮೇಲ್ ಹಾಕಿಸಿಕೊಂಡೆ. ತಕರಾರಿಲ್ಲದೆ ಹಾಕಿದರು.

ಎರಡನೇ ಕಂತು ಸರಿಯಾಗಿ ಬಂತು. ನಂಬರ್ ನಮ್ಮದು. ಪ್ರತಿ ಟೇಪಿನ ಮುಂದೆ ಹಿಂದೆ ಫೋಟೋ, ಪೆಟ್ಟಿಗೆಯ ಚೀಟಿಯ ಫೋಟೋ. ಫೈಲುಗಳ ಜೊತೆ ಚೆಕ್‌ಸಮ್ ಪಟ್ಟಿ. ಇದು ಏನಂದರೆ, ಪ್ರತಿ ಫೈಲಿಗೂ ಲೆಕ್ಕ ಹಾಕಿ ತೆಗೆದ ಒಂದು ಉದ್ದ ಸಂಖ್ಯೆ. ನಕಲು ಮಾಡಿದ ಮೇಲೆ ಮತ್ತೆ ಲೆಕ್ಕ ಹಾಕಿದರೆ ಅದೇ ಸಂಖ್ಯೆ ಬರಬೇಕು. ನಾನು ಎರಡನೇ ಡಿಸ್ಕ್‌ಗೆ ಹಾಕಿದಾಗ ಎರಡು ಫೈಲುಗಳದ್ದು ತಾಳೆಯಾಗಲಿಲ್ಲ. ಮತ್ತೆ ನಕಲು ಮಾಡಿದೆ, ಸರಿಹೋಯಿತು. ಪಟ್ಟಿ ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಒಂದು ಡಿಸ್ಕ್ ಆಫೀಸಿನಲ್ಲಿ, ಒಂದು ಖಜಾಂಚಿಯ ಮನೆಯಲ್ಲಿ, ಮೂರನೆಯದು ಆನ್‌ಲೈನಿನಲ್ಲಿ ಇದೆ. ಅವರು ಉಡುಗೊರೆಯಾಗಿ ಮರದ ಡಬ್ಬಿಯಲ್ಲಿ ಒಂದು ಪೆನ್‌ಡ್ರೈವ್ ಕೊಟ್ಟಿದ್ದಾರೆ. ಡಬ್ಬಿ ಚೆನ್ನಾಗಿದೆ, ಪರಿಕರದ ಪೆಟ್ಟಿಗೆಗೆ ಹಾಕಿದೆ.

ಟೇಪು ಓದುವ ಕೈಗುಣಕ್ಕೆ ಐದಕ್ಕೆ ಐದು. ಕೇಳದೆ ಮಾಡಿದ ಸೌಂದರ್ಯ ಚಿಕಿತ್ಸೆಗೆ ಒಂದು. ಫೋನ್ ಎತ್ತಿ ಮಾತಾಡಿ, ವಾದ ಮಾಡದೆ ಮತ್ತೆ ಮಾಡಿಕೊಟ್ಟದ್ದಕ್ಕೆ ನಾಲ್ಕೂವರೆ. ಮತ್ತೆ ಅವರಿಗೇ ಕೊಡ್ತೀರಾ ಅಂದರೆ, ಕೊಡ್ತೀನಿ. ಮೊನ್ನೆ ಗ್ರೀನ್ ರೂಮಿನ ಅಟ್ಟದಲ್ಲಿ ಇನ್ನೂ ಏಳು ಟೇಪು ಸಿಕ್ಕಿವೆ. ಈ ಸಲ ಪೆಟ್ಟಿಗೆಗೂ ನಂಬರ್ ಹಾಕಿದ್ದೇನೆ, ಟೇಪಿಗೂ ಹಾಕಿದ್ದೇನೆ. ಜೊತೆಗೆ ಒಂದು ಚೀಟಿ: ‘3ನೇ ಟೇಪಿನಲ್ಲಿ ಮೊದಲ ಆರು ನಿಮಿಷ ಕೇಳಿಸುವುದು ಗಾಳಿ. ದಯವಿಟ್ಟು ಹಾಗೇ ಬಿಡಿ.’